ತೋಫೀಕನ ಅಂಗಳ, ನನ್ನ ಮಾಳಿಗೆ

ತೊಲೆ ಸೀಳಿದ್ದು ಸೋಮವಾರ ಮಧ್ಯಾಹ್ನ. ನಾನು ಎಂದಿನಂತೆ ಚಿಂದಿ ಬಟ್ಟೆ ಮಡಿಸಿ ಬಡಿದು, ಕಲಾಶ್ ಎಂಬ ನಮ್ಮ ಕಡೆಯ ನೂಲಿನ ಪಾದರಕ್ಷೆಗೆ ಅಟ್ಟೆ ಕಟ್ಟುತ್ತ ಕೂತಿದ್ದೆ. ನೆತ್ತಿಯ ಮೇಲೆ, ಮಾಳಿಗೆಯಲ್ಲಿ, ಮೇಲಿನ ಮನೆಯ ತೋಫೀಕ್ ಉರುಳುಗಲ್ಲು ಎಳೆಯುತ್ತಿದ್ದ. ಗಡಗಡ ಅಂತ ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ. ಇದ್ದಕ್ಕಿದ್ದಂತೆ ಲಟಕ್ ಅಂದಿತು. ನನ್ನ ಚಹಾದ ಲೋಟದೊಳಗೆ ಒಂದು ಹಿಡಿ ಮಣ್ಣು ಬಿತ್ತು. ತಲೆಯೆತ್ತಿ ನೋಡಿದರೆ ನಡುಮನೆಯ ತೊಲೆಯ ಹೊಟ್ಟೆಯಲ್ಲಿ ಬೆರಳು ತೂರುವಷ್ಟು ಬಿರುಕು. ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಏಕೆಂದರೆ ಇದು ಒಂದಲ್ಲ ಒಂದು ದಿನ ಆಗುತ್ತದೆ ಎಂದು ನನಗೆ ಎರಡು ವರ್ಷದಿಂದ ಗೊತ್ತಿತ್ತು.

ಗಡಿಯಂಚಿನ ನಮ್ಮ ಹವ್ರಾಮಾನ್ ಸೀಮೆಯ ಊರುಗಳಲ್ಲಿ ಮನೆಗಳು ಬೆಟ್ಟದ ಮೈಗೆ ಒಂದರ ಹೆಗಲ ಮೇಲೆ ಒಂದು ಕೂತಿರುತ್ತವೆ. ಕೆಳಗಿನವರ ಮಾಳಿಗೆಯೇ ಮೇಲಿನವರ ಅಂಗಳ. ತೊಲೆ, ಜಂತಿ ಕೆಳಗಿನವರವು. ಅದರ ಮೇಲಿನ ಮಣ್ಣಿನ ಹೊದಿಕೆ ಮೇಲಿನವರ ಪಾಲು. ಅದನ್ನು ಸಾರಿಸುವುದು, ಹಿಮ ಬಿದ್ದರೆ ಎಳೆದುಹಾಕುವುದು, ಮಳೆ ನಿಂತ ಮೇಲೆ ಉರುಳುಗಲ್ಲು ಎಳೆದು ಗಟ್ಟಿ ಮಾಡುವುದು ಎಲ್ಲ ಅವರದೇ. ತೋಫೀಕ್ ಈ ಪಾಲನ್ನು ಮೂವತ್ತು ವರ್ಷದಿಂದ ಅಚ್ಚುಕಟ್ಟಾಗಿ ಮಾಡಿಕೊಂಡು ಬಂದಿದ್ದಾನೆ. ಊರಿನಲ್ಲಿ ಅಷ್ಟು ನುಣುಪಾದ ಅಂಗಳ ಇನ್ನೊಂದಿಲ್ಲ. ಅವನ ಮಗಳು ಶಿಲೇರಳ ಲಗ್ನ ಅದೇ ಅಂಗಳದಲ್ಲಿ ಗೊತ್ತಾಗಿತ್ತು. ಇನ್ನು ಹದಿನೆಂಟು ದಿನ. ಅಂದರೆ ಹದಿನೆಂಟು ದಿನದಲ್ಲಿ ಇನ್ನೂರು ಜನ ಕೈಕೈ ಹಿಡಿದು ನನ್ನ ಸೀಳಿದ ತೊಲೆಯ ಮೇಲೆ ನೆಲ ಅದುರುವಂತೆ ಕುಣಿಯಲಿದ್ದರು.

ನಾನು ಪಕ್ಕದ ಮೆಟ್ಟಿಲು ಹತ್ತಿ ಮೇಲೆ ಹೋದೆ. ಆ ಅಂಗಳಕ್ಕೆ ನಾನು ಕಾಲಿಡದೆ ಹತ್ತೊಂಬತ್ತು ವರ್ಷವಾಗಿತ್ತು. ಅಂದೂ ಕಾಲಿಡಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ನಿಂತೇ ಕೂಗಿದೆ.

"ತೋಫೀಕಣ್ಣಾ, ಕಲ್ಲು ನಿಲ್ಲಸ್ರಿ. ತೊಲಿ ಸೀಳೇತಿ."

ಅವನು ನಿಲ್ಲಿಸಲಿಲ್ಲ. "ಯಾರ ತೊಲಿ?"

"ನನ್ನ ತೊಲಿ. ನಿಮ್ಮ ಕಾಲಕೆಳಗಿಂದು."

"ನಿನ್ನ ತೊಲಿ ಸೀಳಿದ್ರ ನನಗ್ಯಾಕ ಹೇಳ್ತಿ? ಒಂದು ಕಂಬ ಕೊಡು. ಲಗ್ನ ಮುಗೀಲಿ, ಆಮ್ಯಾಲ ನೋಡೂಣು."

"ಲಗ್ನದಾಗ ಇನ್ನೂರು ಮಂದಿ ಕುಣೀತಾರ. ನಿಮ್ಮ ಬೀಗರು ಸೀದಾ ನನ್ನ ಒಲಿ ಮ್ಯಾಲ ಬಂದು ಕೂಡ್ತಾರ, ನೋಡ್ರಿ."

ಆಗ ನಿಲ್ಲಿಸಿದ. ಹಗ್ಗ ಕೈಬಿಟ್ಟು ನನ್ನ ಕಡೆ ತಿರುಗಿದ. ಅರವತ್ತು ದಾಟಿದ್ದರೂ ಬೆನ್ನು ಬಾಗದ ಆಳು. "ನಿನಗ ಈ ಮನ್ಯಾಗ ಡೋಲು ಬಾರಿಸೂದು ಬ್ಯಾಡಾಗೇತಿ, ಹೆತಾವ್. ಒಂದ್ಸಲ ನಿಲ್ಲಿಸಿದಿ. ಈಗ ನನ್ನ ಮಗಳದೂ ನಿಲ್ಲಸಾಕ ಬಂದೀ."

ಅವನು ಅಂದದ್ದು ತನ್ನ ತಮ್ಮ ಜಮಾಲನ ಲಗ್ನದ ವಿಷಯ. ಜಮಾಲ್ ಕೆಟ್ಟವನಲ್ಲ. ನನಗೆ ಇಪ್ಪತ್ತೇಳಾಗಿದ್ದಾಗ ಕೇಳಿಕೊಂಡು ಬಂದ, ನನಗೂ ಮನಸ್ಸಿತ್ತು. ಆದರೆ ಮಾತು ಮುಗಿಯುವ ಮುಂಚೆ, ಅಟ್ಟೆ ಬಡಿಯುವುದು ಗಂಡಸರ ಕೆಲಸ, ಲಗ್ನ ಆದ ಮೇಲೆ ಬಿಟ್ಟುಬಿಡು ಅಂದ. ನಾನು ಅವನನ್ನೇ ಬಿಟ್ಟೆ. ಆ ವರ್ಷವೇ ಅವನು ಗಡಿ ದಾಟಿ ಸುಲೈಮಾನಿಯಾಕ್ಕೆ ಹೋದವನು ತಿರುಗಿ ಬರಲಿಲ್ಲ. ಆ ಸಿಟ್ಟನ್ನು ತೋಫೀಕ್ ಹತ್ತೊಂಬತ್ತು ವರ್ಷ ಆರದಂತೆ ಕಾಪಾಡಿಕೊಂಡಿದ್ದ.

"ನನಗ ನಿಮ್ಮ ಡೋಲೂ ಬ್ಯಾಡ, ಸುರ್ನಾ ಊದೂದೂ ಬ್ಯಾಡ," ಅಂದೆ. "ಜಂತಿ ನನ್ನ ಹತ್ರ ಅದಾವ. ತೊಲಿ ಐತಿ. ನಾನಽ ಕಟ್ಕೋತೀನಿ. ನೀವು ಮೊದಲಿನ ಏಟು ಹಾಕ್ರಿ, ಸಾಕು."

"ಹಾಕೂದಿಲ್ಲ," ಅಂದು ಹಗ್ಗ ಎತ್ತಿಕೊಂಡ.

ಇದೇ ತೊಡಕು. ಮಾಳಿಗೆ ಬಿಚ್ಚುವಾಗ ಮೊದಲ ಗುದ್ದಲಿ ಏಟು ಮೇಲಿನ ಮನೆಯವರೇ ಹಾಕಬೇಕು. ತನ್ನ ಅಂಗಳವನ್ನು ತಾನೇ ಒಡೆದು, ಇನ್ನು ನೀವು ಮಾಡಿಕೊಳ್ಳಿ ಎಂದು ಒಪ್ಪಿಸಿದ ಹಾಗೆ. ಆ ಏಟು ಬಿದ್ದರೆ ಊರಿಗೆ ಊರೇ ಕರೆಯದೆ ಮುಯ್ಯಾಳಾಗಿ ಬರುತ್ತದೆ. ಬೀಳದಿದ್ದರೆ ಒಬ್ಬನೂ ಬುಟ್ಟಿ ಮುಟ್ಟುವುದಿಲ್ಲ. ಕೂಲಿಗೆ ಕರೆಯೋಣವೆಂದರೆ ನಮ್ಮ ಕಡೆಯ ಮನೆ ಕಟ್ಟುವ ಉಸ್ತಾಗಳೆಲ್ಲ ಮರಿವಾನ್ ಪೇಟೆಗೆ ಹೋಗಿ ಕಬ್ಬಿಣ, ಸಿಮೆಂಟಿನ ಮನೆ ಕಟ್ಟುತ್ತಿದ್ದಾರೆ. ಮಣ್ಣಿನ ಮಾಳಿಗೆ ಕಟ್ಟಿ ಗೊತ್ತಿದ್ದವನು ಊರಿನಲ್ಲಿ ಉಳಿದಿದ್ದು ಒಬ್ಬನೇ, ಉಸ್ತಾ ಫರಜ್. ವಯಸ್ಸು ಎಂಬತ್ತೆರಡು. ಮಂಡಿ ಎರಡೂ ಹೋಗಿವೆ, ಕಣ್ಣು ಮಸುಕು. ಬಾಯಿ ಮಾತ್ರ ಚೆನ್ನಾಗಿದೆ.

ಮರುದಿನ ಅವನನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಬಂದೆ. ಹೊಸ್ತಿಲ ಬಳಿ ಕಂಬಳಿ ಹಾಸಿ ಕೂರಿಸಿದೆ. ಅವನು ಅಲ್ಲಿಂದಲೇ ಉದ್ದನೆಯ ಕೋಲಿನಿಂದ ಕುಟ್ಟಿ ಕುಟ್ಟಿ ತೊಲೆಯ ಸದ್ದು ಕೇಳಿದ.

"ತೊಲಿ ಸುಮ್ಸುಮ್ನ ಸೀಳೂದಿಲ್ಲವ್ವಾ. ಮ್ಯಾಲ ಮಣ್ಣು ಎಷ್ಟ್ ದಪ್ಪ ಐತಿ?"

"ಅಪ್ಪ ಇದ್ದಾಗ ಒಂದು ಗೇಣು ಇತ್ತಜ್ಜಾ."

"ನಿಮ್ಮಪ್ಪ ಸತ್ತು ಎಷ್ಟ್ ವರ್ಷಾತು?"

"ಇಪ್ಪತ್ತೆರಡು."

"ನಾ ಸತ್ತವರ ಕಾಲದ್ದು ಕೇಳಲಿಲ್ಲ. ಈಗಿಂದು ಕೇಳಾಕತ್ತೇನಿ."

"ಮ್ಯಾಲ ಹತ್ತಿ ಅಗದು ನೋಡಾಕ ಆಗೂದಿಲ್ಲಲ್ಲ. ಗುದ್ದಲಿ ಮುಟ್ಟಂಗಿಲ್ಲ."

ಫರಜಜ್ಜ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ. "ಗುದ್ದಲಿ ಹಾಕಬಾರದು ಅಂತ ಐತಿ. ಕೆಳಗಿಂದ ಸಲಾಕಿ ತೂರಬಾರದು ಅಂತ ಯಾರ್ ಹೇಳ್ಯಾರ?"

ನನ್ನ ಹತ್ತಿರ ಅಪ್ಪನ ಕಾಲದ ಉದ್ದನೆಯ ಕಬ್ಬಿಣದ ಸಲಾಕೆ ಇತ್ತು. ಬುಧವಾರ ಏಣಿ ಹತ್ತಿ, ಎರಡು ಜಂತಿಯ ನಡುವೆ ಅದರ ತುದಿ ಇಟ್ಟು, ಅಟ್ಟೆ ಬಡಿಯುವ ಕೊಡತಿಯಿಂದ ಬಡಿಯತೊಡಗಿದೆ. ಒಂದು ಗೇಣು ಹೋಯಿತು. ಎರಡು ಗೇಣು ಹೋಯಿತು. ಇನ್ನೂ ಹೋಗುತ್ತಲೇ ಇತ್ತು. ನನಗೆ ಹಠ ಹತ್ತಿತು. ಮೈಯೆಲ್ಲ ಮಣ್ಣಾದರೂ ಬಿಡದೆ ಬಡಿದೆ. ಕೊನೆಗೆ ಸಲಾಕೆ ಒಮ್ಮೆಲೇ ಹಗುರಾಗಿ ಸರಕ್ಕನೆ ಮೇಲೆ ಹೋಯಿತು. ಅದರ ಬೆನ್ನಿಗೇ ಮೇಲೆ ಹೆಂಗಸರು ಕಿಟಾರನೆ ಕಿರುಚಿದ ಸದ್ದು.

ಗಂಡಿನ ಕಡೆಯವರು ಸಕ್ಕರೆ ಅಚ್ಚು, ಬಟ್ಟೆ ತೆಗೆದುಕೊಂಡು ಬಂದಿದ್ದರಂತೆ. ಅಂಗಳದಲ್ಲಿ ಜಮಖಾನ ಹಾಸಿ ಚಹಾ ಕೊಡುತ್ತಿದ್ದರಂತೆ. ನನ್ನ ಸಲಾಕೆ ಜಮಖಾನ ತೂರಿ, ಚಹಾ ಕಾಯುತ್ತಿದ್ದ ಸಮೋವರಿನಿಂದ ಗೇಣಳತೆಯಲ್ಲಿ, ಗಂಡಿನ ಸೋದರತ್ತೆಯ ತೊಡೆಯ ಪಕ್ಕ ನೆಟ್ಟಗೆ ಎದ್ದು ನಿಂತಿತ್ತು. ನನಗಿದೇನು ಗೊತ್ತು? ನಾನು ಗುರುತಿಗೆಂದು ಸಲಾಕೆಯನ್ನು ಇನ್ನೆರಡು ಸಲ ಮೇಲೆ ಕೆಳಗೆ ಆಡಿಸಿದೆ.

ತೋಫೀಕ್ ಮೆಟ್ಟಿಲು ಧಡಧಡ ಇಳಿದು ಬಂದ. ಹೊಸ್ತಿಲ ಹೊರಗೇ ನಿಂತ. ಅವನೂ ಹತ್ತೊಂಬತ್ತು ವರ್ಷದಿಂದ ಅದನ್ನು ದಾಟಿದವನಲ್ಲ.

"ನಿನಗೇನ್ ತಲಿ ಕೆಟ್ಟೈತೇನು? ಬೀಗರ ಮುಂದ ನನ್ನ ಮಾನ ಕಳದಿ!"

ನಾನು ಸಲಾಕೆ ಕೆಳಗೆಳೆದುಕೊಂಡು ಅವನ ಮುಂದೆ ಹಿಡಿದೆ. ಮಣ್ಣು ಮೆತ್ತಿದ್ದ ಭಾಗವನ್ನು ಕೈಯಿಂದ ಅಳೆದು ತೋರಿಸಿದೆ. "ನೋಡ್ರಿ. ಒಂದು ಮೊಳದ ಮ್ಯಾಲ ಒಂದು ಗೇಣು. ನಮ್ಮಪ್ಪ ಹಾಕಿದ್ದು ಒಂದಽ ಗೇಣು. ಮೊಳ ಯಾರದು?"

ಅವನು ಸಲಾಕೆ ನೋಡಿದ.

"ವರ್ಷಾ ವರ್ಷಾ ಹೊಸಾ ಮಣ್ಣು ಮೆತ್ತೀರಿ," ಅಂದೆ. "ಹಳೇದು ಕೆರದು ತಗದು ಮೆತ್ತಬೇಕು. ನೀವು ಹಂಗಽ ಮ್ಯಾಲ ಮ್ಯಾಲ ಮೆತ್ತೀರಿ. ತೊಲಿ ಮುದಿಯಾಗಿ ಸೀಳಿಲ್ಲ. ನಿಮ್ಮ ಅಂಗಳ ಹೊತ್ತು ಹೊತ್ತು ಸೀಳೇತಿ."

"ಚೊಕ್ಕ ಇಟ್ಟಿದ್ದಽ ತಪ್ಪಾತೇನು?"

"ಹೌದು, ತಪ್ಪಾತು."

ಅವನು ಮೆಟ್ಟಿಲು ಹತ್ತಿ ಹೋದ. ಸ್ವಲ್ಪ ಹೊತ್ತಿಗೆ ಮೇಲೆ ಪಟಪಟ ಸದ್ದು. ಆ ಮಹಾರಾಯ ನನ್ನ ತೂತಿಗೆ ಇನ್ನೊಂದು ಬೊಗಸೆ ಮಣ್ಣು ತಂದು ಮೆತ್ತುತ್ತಿದ್ದ. ಅಂದೂ ಬಂದು ಕೂತಿದ್ದ ಫರಜಜ್ಜ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ. ನನಗೆ ನಗು ಬರಲಿಲ್ಲ.

ಅಂದೇ ನಿರ್ಧರಿಸಿದೆ. ಮೇಲಿನಿಂದ ಬಿಡದಿದ್ದರೆ ಕೆಳಗಿನಿಂದ. ಮೊದಲು ಜಂತಿಗಳಿಗೆ ಆಸರೆ ಕೊಟ್ಟೆ. ಗೋಡೆಗೆ ಒರಗಿಸಿಟ್ಟಿದ್ದ ಪಾಪ್ಲರ್ ಮರದ ತುಂಡುಗಳನ್ನು ಅಳತೆಗೆ ಕೊಯ್ದು, ಅಡಿಗೆ ಚಪ್ಪಡಿ ಇಟ್ಟು, ತಲೆಗೆ ಬೆಣೆ ಬಡಿದೆ. ಹನ್ನೊಂದು ಕಂಬ. ಮನೆಯೊಳಗೆ ಹಾಸಿಗೆ ಹಾಸಲೂ ಜಾಗ ಉಳಿಯಲಿಲ್ಲ. ಇನ್ನು ಹೊಸ ತೊಲೆ. ಅದು ಬಿರುಗಾಳಿಗೆ ಉರುಳಿದ ನಮ್ಮ ಅಕ್ರೋಟ ಮರದ ಬೊಡ್ಡೆ. ಎರಡು ವರ್ಷ ನೆರಳಲ್ಲಿ ಒಣಗಿಸಿ, ಸಿಪ್ಪೆ ಸುಲಿದು, ನಾಲ್ಕು ಮಗ್ಗುಲು ಕೆತ್ತಿಟ್ಟಿದ್ದೆ. ಎತ್ತಲು ಎಂಟು ಜನ ಬೇಕು. ಇದ್ದದ್ದು ನಾನೊಬ್ಬಳು, ಜೊತೆಗೆ ಒಂದು ಬಾಯಿ.

"ಎಂಟು ಮಂದಿ ಒಂದು ಗಳಿಗ್ಯಾಗ ಮಾಡೂದನ್ನ ಒಬ್ಬಾಕಿ ಎಂಟು ಗಳಿಗ್ಯಾಗ ಮಾಡಬೇಕು, ಅಷ್ಟಽ," ಅಂದ ಫರಜಜ್ಜ. ಸುಳ್ಳು. ನಾಲ್ಕು ದಿನ ಹಿಡಿಯಿತು.

ದುಂಡು ಕಟ್ಟಿಗೆಗಳ ಮೇಲೆ ಉರುಳಿಸಿ ಬೊಡ್ಡೆಯನ್ನು ಒಳಗೆ ತಂದೆ. ಒಂದು ತುದಿಗೆ ಹಾರೆ ಕೊಟ್ಟು ಮೀಟಿದರೆ ನಾಲ್ಕು ಬೆರಳು ಏಳುತ್ತಿತ್ತು. ಹಾರೆಯ ಮೇಲೆ ನಾನೇ ಕೂತು, ಕಾಲಿನಿಂದ ಒಂದು ಚಪ್ಪಡಿ ಒಳಗೆ ತಳ್ಳುತ್ತಿದ್ದೆ. ಆಮೇಲೆ ಇನ್ನೊಂದು ತುದಿಗೆ ಹೋಗುತ್ತಿದ್ದೆ. ಅಲ್ಲಿ ನಾಲ್ಕು ಬೆರಳು, ಒಂದು ಚಪ್ಪಡಿ. ಮತ್ತೆ ಈ ತುದಿ. ಹಿತ್ತಲ ಗೋಡೆಯ ಕಲ್ಲೆಲ್ಲ ಮನೆಯೊಳಗೆ ಬಂದವು. ಅಂಗೈ ಬೊಬ್ಬೆ ಒಡೆದು ಚಿಂದಿ ಸುತ್ತಿಕೊಂಡೆ. ಎರಡನೇ ದಿನ ಮಧ್ಯಾಹ್ನ ಕಲ್ಲು ಜಾರಿ ಒಂದು ತುದಿ ಧೊಪ್ಪನೆ ಕೆಳಗೆ ಬಿತ್ತು. ಪಾದದಿಂದ ಎರಡು ಬೆರಳಿನಷ್ಟು ದೂರ. ಅರ್ಧ ದಿನದ ಕೆಲಸ ನೆಲಕಚ್ಚಿತು. ಆಗ ಮಾತ್ರ ಒಲೆಯ ಪಕ್ಕ ಕೂತು ಅತ್ತೆ.

"ಅತ್ತು ಮುಗೀತೇನು?" ಹೊಸ್ತಿಲಿನಿಂದ ಫರಜಜ್ಜ ಕೇಳಿದ.

"ಇನ್ನೊಂಚೂರು ಐತಿ."

"ಮುಗಿಸ್ಕೊ. ಆಮ್ಯಾಲ ಕಲ್ಲನ್ನ ಅಡ್ಡಡ್ಡ ಒಂದರ ಮ್ಯಾಲೊಂದು ಇಡು. ನೀ ಉದ್ದುದ್ದ ಇಟ್ಟಿದ್ದಿ. ನಾ ಹೇಳೂದನ್ನ ಮರತಿದ್ದೆ."

ಅವನ ತಲೆಯ ಮೇಲೆ ಚಹಾದ ಪಾತ್ರೆ ಬೋರಲು ಹಾಕಬೇಕು ಅನ್ನಿಸಿತು. ಎದ್ದು ಕಲ್ಲು ಅಡ್ಡಡ್ಡ ಇಟ್ಟೆ.

ನಾಲ್ಕನೇ ದಿನ ಸಂಜೆಯ ಹೊತ್ತಿಗೆ ಅಕ್ರೋಟ ತೊಲೆ ಹಳೆಯ ತೊಲೆಯ ಪಕ್ಕಕ್ಕೆ, ಜಂತಿಗಳ ಹೊಟ್ಟೆಗೆ ತಾಗಿ ನಿಂತಿತು. ಗೋಡೆಯಲ್ಲಿ ಎರಡು ಗೂಡು ಕೊರೆದು ತುದಿ ಕೂರಿಸಿದೆ. ಖುಷಿಯಿಂದ ಕೂಗಿದೆ. ಫರಜಜ್ಜ ಬಹಳ ಹೊತ್ತು ಕೋಲಿನಿಂದ ಕುಟ್ಟಿ ನೋಡಿದ.

"ತೊಲಿ ಚಲೋ ಕುಂತೇತಿ. ಆದ್ರ ಜಂತಿ ಎಲ್ಲಾ ಸತ್ತಾವವ್ವಾ. ಮಣ್ಣು ಇಳೀದೇ ಜಂತಿ ಬದಲಾಗೂದಿಲ್ಲ. ಮಂದಿ ಕುಣದ್ರ ತೊಲಿ ನಿಲ್ತೈತಿ, ಎರಡೂ ಮಗ್ಗಲ ಕುಸೀತೈತಿ."

ನನ್ನ ಕೈಲಾದದ್ದೆಲ್ಲ ಮುಗಿದಿತ್ತು. ಲಗ್ನಕ್ಕೆ ಇನ್ನು ಒಂಬತ್ತು ದಿನ. ಮರುದಿನ ಬೆಳಗ್ಗೆ ಗುದ್ದಲಿ ತೆಗೆದುಕೊಂಡು ನಾನೇ ಮೇಲೆ ಹತ್ತುತ್ತೇನೆ, ಊರು ನನ್ನನ್ನು ಹೊರಗಿಟ್ಟರೆ ಇಡಲಿ ಎಂದು ಗಟ್ಟಿ ಮನಸ್ಸು ಮಾಡಿದೆ. ಜನ ನನ್ನ ಕಣ್ಣೆದುರು ಮಣ್ಣಿನಡಿ ಹೂತುಹೋಗುವುದಕ್ಕಿಂತ ಅದು ವಾಸಿ.

ಆದರೆ ಬೆಳಗ್ಗೆ ಬಾಗಿಲಲ್ಲಿ ಶಿಲೇರ್ ನಿಂತಿದ್ದಳು. ಲಗ್ನದ ಹುಡುಗಿ. ತಲೆವಸ್ತ್ರದ ಅಂಚನ್ನು ಕಚ್ಚಿಕೊಂಡು ಆಚೀಚೆ ನೋಡುತ್ತಿದ್ದಳು.

"ಅತ್ತೀ, ಅಪ್ಪಗ ಹೇಳಬ್ಯಾಡ್ರಿ. ಅವರಿಗೆ, ನನ್ನ ಗಂಡ ಆಗೋರಿಗೆ, ಒಂದು ಜೊತಿ ಕಲಾಶ್ ಬೇಕಿತ್ತು. ಲಗ್ನದ ದಿನ ನೀವು ಮಾಡಿದ್ದನ್ನಽ ಹಾಕ್ಕೋಬೇಕು ಅಂತ ಆಸೆ. ಕಾಲಿನ ಅಳತಿ ದಾರ ತಂದೀನಿ."

"ಒಳಗ ಬಾ," ಅಂದೆ.

ಅವಳು ಕಂಬಗಳ ನಡುವೆ ನುಸುಳಿ ಬಂದಳು. ತಲೆಯೆತ್ತಿದಳು. ಜಂತಿಗಳು ಕಂಬ ಕಂಬದ ನಡುವೆ ತೊಟ್ಟಿಲಿನಂತೆ ಜೋತಿದ್ದವು. ಒಂದರ ಸೀಳಿನಿಂದ ಮಣ್ಣು ಸಣ್ಣಗೆ ಸುರಿಯುತ್ತಲೇ ಇತ್ತು. ಅದೇ ಹೊತ್ತಿಗೆ ಮೇಲೆ ಯಾರೋ ನಡೆದರು, ಸುರಿಯುವುದು ಜೋರಾಯಿತು.

"ಇದರ ಮ್ಯಾಲ ನಾ ಕುಣಿಯೋಕಿ ಇದ್ನೇನ್ರಿ?"

"ನೀ, ನಿನ್ನ ಗಂಡ, ನಿಮ್ಮವ್ವ, ಎಲ್ಲಾರೂ."

"ಅಪ್ಪ ಇದನ್ನ ನೋಡ್ಯಾರ?"

"ಹೊಸ್ತಿಲ ತನಕ ಬಂದಿದ್ರು. ತಲಿ ಎತ್ತಲಿಲ್ಲ."

ಅಳತೆಯ ದಾರವನ್ನು ನನ್ನ ಕೈಗೆ ತುರುಕಿ ಅವಳು ಓಡಿದಳು. ಹೆದರಿ ಓಡಿದಳು ಅಂದುಕೊಂಡೆ. ಎರಡು ನಿಮಿಷ ಕಳೆದಿಲ್ಲ, ನನ್ನ ನೆತ್ತಿಯ ಮೇಲೆ ಧಡ್ ಅಂತು. ಮಣ್ಣು ರಾಶಿಯಾಗಿ ಉದುರಿತು. ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಓಡಿದೆ.

ಶಿಲೇರ್ ಅಂಗಳದ ನಟ್ಟನಡುವೆ ಗುದ್ದಲಿ ಹಿಡಿದು ನಿಂತಿದ್ದಳು. ಆ ಕನ್ನಡಿಯಂಥ ಅಂಗಳದಲ್ಲಿ ಬುಟ್ಟಿಯಗಲದ ಗಾಯ. ಅವಳ ತಾಯಿ ಖಾವರ್ ವೈನಿ ಬಾಯಿಗೆ ಕೈ ಇಟ್ಟುಕೊಂಡಿದ್ದಳು. ತೋಫೀಕ್ ಕೊಟ್ಟಿಗೆಯಿಂದ ಓಡಿ ಬಂದವನು ನಡುದಾರಿಯಲ್ಲೇ ನಿಂತುಬಿಟ್ಟಿದ್ದ.

"ಏನ್ ಮಾಡಿದಿ ಹುಚ್ಚೀ!"

"ಲಗ್ನದ ಶುಕ್ರವಾರದ ತನಕ ನಾನೂ ಈ ಮನಿಯಾಕೀನಽ ಅಪ್ಪಾ," ಅಂದಳು. ಗುದ್ದಲಿ ಕೈಬಿಡಲಿಲ್ಲ. "ಮ್ಯಾಲಿನ ಮನಿ ಏಟು ಬಿತ್ತು. ಮ್ಯಾಲಿನ ಮನಿಯವರು ಅಂದ್ರ ಗಂಡಸರಽ ಅಂತ ಎಲ್ಲೂ ಇಲ್ಲ."

"ಬಿತ್ತು! ಏಟು ಬಿತ್ತು! ನನ್ನ ಕಣ್ಣಾರೆ ನೋಡಿದೆ!" ಕೆಳಗಿನಿಂದ ಫರಜಜ್ಜನ ಕೂಗು. ಕತ್ತೆಯ ಮೇಲೆ ಈಗ ತಾನೆ ಬರುತ್ತಿದ್ದ. ಎದುರಿಗಿದ್ದ ಕತ್ತೆಯ ಕಿವಿ ಕಾಣದ ಮನುಷ್ಯ.

ಅಕ್ಕಪಕ್ಕದ, ಮೇಲಿನ ಅಂಗಳಗಳಲ್ಲಿ ಜನ ಬಂದು ನಿಂತಿದ್ದರು. ಎಲ್ಲರೂ ತೋಫೀಕನ ಮುಖ ನೋಡುತ್ತಿದ್ದರು. ಅವನು ಆಗಲಿ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಹೋಗಿ ಗೋಡೆಗೊರಗಿ ಕುಕ್ಕರಗಾಲಲ್ಲಿ ಕೂತ. ಅಷ್ಟು ಸಾಕಾಯಿತು. ಗಳಿಗೆಯೊಳಗೆ ನಲವತ್ತು ಜನ ಗುದ್ದಲಿ, ಸಲಿಕೆ, ಬುಟ್ಟಿ ಹಿಡಿದು ಬಂದರು. ಇಷ್ಟು ದಿನ ನನ್ನ ಸದ್ದು ಕೇಳಿಯೂ ಕೇಳದವರಂತೆ ಇದ್ದವರೇ. ಅವರನ್ನು ಬಯ್ಯಲು ನನಗೆ ಪುರುಸೊತ್ತಿರಲಿಲ್ಲ.

ಅಂಚಿನಿಂದ ಅಗೆಯುತ್ತ ಬಂದಂತೆ ಮಣ್ಣಿನ ಮಗ್ಗುಲು ಕಾಣಿಸಿತು. ಪದರ ಪದರವಾಗಿತ್ತು. ಪ್ರತಿ ಪದರದಲ್ಲಿ ಹೊಟ್ಟಿನ ಹಳದಿ ಗೆರೆ, ಅದರ ಮೇಲೆ ಅರ್ಧ ಬೆರಳು ದಪ್ಪ ಮಣ್ಣು, ಮತ್ತೆ ಗೆರೆ. ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು. ಹಿಂದೆ ಬಂದು ನಿಂತ ತೋಫೀಕ್ ಕೂಡ ನೋಡಿದ. ಅವನು ಬಗ್ಗಿ ಒಂದು ಕಡೆ ಬೆರಳಿಟ್ಟ.

"ಇದು ಅವ್ವ ಸತ್ತ ವರ್ಷದ್ದು. ಹೊಟ್ಟು ಕಡಿಮಿ ಬಿದ್ದಿತ್ತು." ಬೆರಳು ಮೇಲಕ್ಕೆ ಸರಿಯಿತು. "ಇಲ್ಲಿಂದ ಮ್ಯಾಲ ನೋಡ್ರಿ. ಎರಡೆರಡು ಗೆರಿ."

"ಯಾಕ ಎರಡೆರಡು?" ಕೇಳಿದ್ದು ನಾನೇ.

ಅವನು ನನ್ನ ಕಡೆ ನೋಡಲಿಲ್ಲ. "ಜಮಾಲ್ ಹೋದ ಮ್ಯಾಲಿಂದು. ಈ ವರ್ಷ ಬರ್ತಾನ, ಬಂದ್ರ ಡೋಲು ಹಚ್ಚೂದು, ಅಂಗಳ ಚಲೋ ಇರಲಿ ಅಂತ ಇನ್ನೊಂದು ಸಲ ಮೆತ್ತಿದೆ. ಪ್ರತಿ ವರ್ಷ ಮೆತ್ತಿದೆ. ನಿನ್ನ ತಲಿ ಮ್ಯಾಲ ಬೀಳ್ತೈತಿ ಅಂತ ನನಗ ಹೊಳೀಲಿಲ್ಲ, ಹೆತಾವ್. ದೇವರಾಣಿ ಹೊಳೀಲಿಲ್ಲ."

ಹತ್ತೊಂಬತ್ತು ವರ್ಷ ಈ ಮನುಷ್ಯನ ಮೇಲೆ ಹಲ್ಲು ಕಡಿದಿದ್ದೆ. ಅವನ ಕಾಯುವಿಕೆಯೆಲ್ಲ ನನ್ನ ತೊಲೆಯ ಮೇಲೆ ಕೂತಿತ್ತು ಎಂದು ನನಗೂ ಹೊಳೆದಿರಲಿಲ್ಲ. ಒಂದು ಸಲಿಕೆ ಎತ್ತಿ ಅವನ ಕಡೆ ಚಾಚಿ, "ಹೊಳೀದಿದ್ರ ಈಗ ಹೊಳದೈತಲ್ಲ, ಸಲಿಕಿ ಹಿಡೀರಿ," ಅಂದೆ. ಅವನು ಹಿಡಿದ.

ಸಂಜೆಯೊಳಗೆ ಮಣ್ಣೆಲ್ಲ ಇಳಿದು ನನ್ನ ಮನೆ ಆಕಾಶಕ್ಕೆ ಬಾಯಿ ತೆರೆದು ನಿಂತಿತು. ಮುಂದಿನ ಎರಡು ದಿನ ಜಂತಿ. ಜನ ಎತ್ತಿ ಕೊಟ್ಟರು, ಕೂರಿಸಿದ್ದು ಮಾತ್ರ ಒಂದೊಂದನ್ನೂ ನಾನೇ. ದಪ್ಪ ತುದಿ ಒಮ್ಮೆ ಬೆಟ್ಟದ ಕಡೆ, ಒಮ್ಮೆ ಹೊಳೆಯ ಕಡೆ. ಯಾರೋ ಯುವಕ, ನೀವು ಇಳೀರಿ ಅತ್ತಿ, ನಾವು ಮಾಡ್ತೀವಿ ಅಂದ. ಅವನ ಲಗ್ನದ ಕಲಾಶಿಗೆ ಎರಡು ಪಟ್ಟು ಬೆಲೆ ಹಾಕುತ್ತೇನೆ ಅಂದೆ, ಸುಮ್ಮನಾದ. ಜಂತಿಯ ಮೇಲೆ ಓಕ್ ಮರದ ರೆಂಬೆ, ಅದರ ಮೇಲೆ ಎಲೆ, ಅದರ ಮೇಲೆ ಹೊಟ್ಟು ಉಪ್ಪು ಹಾಕಿ ತುಳಿದು ಹುಳಿಬರಿಸಿದ ಮಣ್ಣು. ಹೆಂಗಸರೆಲ್ಲ ಸೆರಗು ಕಟ್ಟಿ ತುಳಿದರು. ಖಾವರ್ ವೈನಿ ಕಾಡು ಈರುಳ್ಳಿ ತುಂಬಿದ ರೊಟ್ಟಿ ಬೇಯಿಸಿ ಬೇಯಿಸಿ ಕಳಿಸಿದಳು. ಮೊದಲ ರೊಟ್ಟಿ ನನಗೇ ಬಂತು, ಬೆಣ್ಣೆ ಸೋರುತ್ತಿತ್ತು.

ಮಣ್ಣು ಒಂದು ಗೇಣಾದಾಗ ನಾನು ನಿಲ್ಲಿಸಿದೆ. ತೋಫೀಕ್ ಬುಟ್ಟಿ ಹಿಡಿದು ಬಂದ.

"ಇನ್ನೆರಡು ಬೆರಳು ಹಾಕೂಣು. ಮ್ಯಾಲ ಒಂಚೂರು ನುಣ್ಣಗಾಗ್ತೈತಿ."

"ಒಂದು ಗೇಣು."

"ಎರಡಲ್ಲದಿದ್ರ ಒಂದಽ ಬೆರಳು?"

"ತೋಫೀಕಣ್ಣಾ!"

ಬುಟ್ಟಿ ಇಳಿಸಿದ. ನಾಲ್ಕು ದಿನ ಬಿಸಿಲು ಚೆನ್ನಾಗಿ ಬಂತು. ಬೆಳಗ್ಗೆ ಅವನು ಉರುಳುಗಲ್ಲು ಎಳೆದ, ಮಧ್ಯಾಹ್ನ ನಾನು. ಬಿರುಕು ಕಂಡಲ್ಲಿ ತೆಳ್ಳಗೆ ನೀರು ಚಿಮುಕಿಸಿ ಮತ್ತೆ ಎಳೆದೆವು. ಮಾತು ಬೇಕಾದಷ್ಟೇ ಆಡಿದೆವು. ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಗೋಡೆಗೆ ಸರಿದು ದಾರಿ ಬಿಟ್ಟುಕೊಡುತ್ತಿದ್ದೆವು.

ಶುಕ್ರವಾರ ಬಂತು. ನಾನು ಕಂಬಗಳನ್ನೆಲ್ಲ ತೆಗೆದುಹಾಕಿದ್ದೆ. ಮನೆ ಬಯಲಾದಂತೆ ಕಾಣುತ್ತಿತ್ತು. ಮೇಲೆ ಡೋಲು ಶುರುವಾಯಿತು, ಸುರ್ನಾ ಏರಿತು. ಮೆಟ್ಟಿಲಿನಿಂದ ಹೆಂಗಸರು ಒಬ್ಬರಾದ ಮೇಲೊಬ್ಬರು ಕೂಗಿ ಕರೆದರು. "ಮೊದಲಿನ ಕುಣಿತ ಮುಗೀಲಿ, ತೊಲಿ ನೋಡ್ಕೊಂಡು ಬರ್ತೀನಿ," ಅಂದು ಕಳಿಸಿದೆ. ಹೊಸ ಬಟ್ಟೆ ಉಟ್ಟುಕೊಂಡೇ ನಡುಮನೆಯಲ್ಲಿ ತೊಲೆಯ ಕೆಳಗೆ ನಿಂತೆ.

ಕುಣಿತದ ಸಾಲು ಕಟ್ಟಿತು. ಇನ್ನೂರು ಜೊತೆ ಕಾಲು ಒಮ್ಮೆಗೇ ಬಿದ್ದವು. ಗೋಡೆ ಗುಂಯ್ ಅಂದಿತು. ರೆಂಬೆಗಳ ಸಂದಿಯಿಂದ ಒಂದಿಷ್ಟು ಧೂಳು ಇಳಿಯಿತು, ಹೊಸ ಮಾಳಿಗೆಗೆ ಅದು ಸಹಜ. ನಾನು ತೊಲೆಯನ್ನೇ ನೋಡುತ್ತಿದ್ದೆ. ಮತ್ತೆ ಬಿದ್ದವು ಕಾಲು. ತೊಲೆ ಮಿಸುಕಲಿಲ್ಲ.

ಬಾಗಿಲಲ್ಲಿ ನೆರಳು ಕಂಡಿತು. ತೋಫೀಕ್. ಹೊಸ ನಡುಪಟ್ಟಿ, ಕೈಯಲ್ಲಿ ಸಾಲಿನ ತಲೆ ಹಿಡಿಯುವವನ ಕರವಸ್ತ್ರ. ಹೆಣ್ಣಿನ ಅಪ್ಪ ಮೊದಲ ಸಾಲು ನಡೆಸಬೇಕು. ಅದನ್ನು ಬಿಟ್ಟು ಬಂದಿದ್ದ. ಹೊಸ್ತಿಲ ಬಳಿ ಕಲಾಶ್ ಕಳಚಿ, ಒಳಗೆ ಕಾಲಿಟ್ಟು, ಸೀದಾ ಬಂದು ನನ್ನ ಪಕ್ಕ ತೊಲೆಯ ಕೆಳಗೆ ನಿಂತ.

"ಮ್ಯಾಲ ಮಂದಿ ನಿಮ್ಮನ್ನ ಹುಡುಕ್ತಾರ," ಅಂದೆ.

"ಹುಡುಕಲಿ. ಬಿದ್ರ ನನ್ನ ಮ್ಯಾಲೂ ಬೀಳಲಿ. ಇಷ್ಟು ವರ್ಷ ನೀ ಒಬ್ಬಾಕೀನಽ ಇದರ ಕೆಳಗ ಇದ್ದಿ."

ಸಿಟ್ಟಿನಿಂದಲೋ ಏನೋ ದನಿ ಜೋರಾಯಿತು. "ಬೀಳೂದಿಲ್ಲ! ನನ್ನ ಕೈಯಾರೆ ಕಟ್ಟೀನಿ. ಇನ್ನೂ ಇನ್ನೂರು ಮಂದಿ ಬರಲಿ, ಬೀಳೂದಿಲ್ಲ."

ಅವನು ತೊಲೆಯಿಂದ ಕಣ್ಣು ತೆಗೆದು ನನ್ನ ಮುಖ ನೋಡಿದ.

"ನನಗೂ ಗೊತ್ತೈತಿ ಬೀಳೂದಿಲ್ಲ ಅಂತ. ಹಂಗಾದ್ರ ನೀ ಇಲ್ಲ್ಯಾಕ ನಿಂತೀ?"

ತೊಲೆ ನೋಡಿಕೊಳ್ಳಬೇಕು ಎಂದು ಮಂದಿಗೆ ಹೇಳಿದ್ದೆ, ನನಗೆ ನಾನೂ ಹೇಳಿಕೊಂಡಿದ್ದೆ. ಹೊತ್ತು ಏರಿಸಿದ್ದು, ಕೂರಿಸಿದ್ದು, ಎಳೆದದ್ದು ಎಲ್ಲ ನಾನೇ ಆಗಿರುವಾಗ ಅದರ ಮೇಲೆ ನನಗೇನು ಅನುಮಾನ? ನಾನು ಹೆದರಿದ್ದು ಮಾಳಿಗೆಗಲ್ಲ. ಕೈಯಲ್ಲಿ ಕೆಲಸವಿಲ್ಲದೆ ಲಗ್ನದ ಮಂದಿಯ ನಡುವೆ ಆ ಅಂಗಳದಲ್ಲಿ ನಿಲ್ಲುವುದಕ್ಕೆ, ನನ್ನನ್ನು ನೋಡಿ ಜನ ಜಮಾಲನನ್ನು ನೆನೆಯುವುದಕ್ಕೆ ಹೆದರಿದ್ದೆ.

"ನಾ ಜಮಾಲಗ ಒಲ್ಲೆ ಅಂದಿದ್ದೆ," ಅಂದೆ. "ನಿಮ್ಮ ಮನೀಗೆ ಒಲ್ಲೆ ಅಂದಿರಲಿಲ್ಲ."

"ಗೊತ್ತಾತು. ತಡಾಗಿ ಗೊತ್ತಾತು," ಅಂದ ತೋಫೀಕ್. ಕರವಸ್ತ್ರದಿಂದ ಮೂಗು ಒರೆಸಿಕೊಂಡು, ಅದು ಕುಣಿತದ ಕರವಸ್ತ್ರ ಎಂದು ನೆನಪಾಗಿ ಪೆಚ್ಚಾದ. "ನಡಿ, ಹತ್ತು. ನೀ ಹತ್ತೋತನಕ ನಾ ಹತ್ತೂದಿಲ್ಲ. ಮಗಳು ಕಾಯಾಕತ್ತಾಳ."

ನಾನು ಕಲಾಶ್ ಮೆಟ್ಟಿಕೊಂಡು ಮುಂದೆ ಹೊರಟೆ. ಮೆಟ್ಟಿಲು ಮುಗಿದಲ್ಲಿ ಅರೆಗಳಿಗೆ ನಿಂತೆ, ಆಮೇಲೆ ಲಗ್ನಕ್ಕೆ ಬಂದವಳಾಗಿ ಅಂಗಳಕ್ಕೆ ಕಾಲಿಟ್ಟೆ. ಶಿಲೇರ್ ಸಾಲು ಬಿಡಿಸಿ ಒಂದು ಕೈ ಚಾಚಿದಳು. ಅದನ್ನು ಹಿಡಿದು, ಇನ್ನೊಂದು ಕೈಯನ್ನು ತೋಫೀಕಣ್ಣನಿಗೆ ಕೊಟ್ಟು, ನಾನು ಕಟ್ಟಿದ ಮಾಳಿಗೆಯ ಮೇಲೆ ಎಲ್ಲರೊಂದಿಗೆ ಕಾಲು ಹಾಕಿದೆ.